ತಕ್ಕಡಿಯ ಮುಖ ಯಾರ ಕಡೆಗೆ?

ಪ್ರಶ್ನೆ: 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಪರಿಹಾರ ಕೇಂದ್ರದಲ್ಲಿ ತೋಟದ ಮಾಲೀಕರೂ ಲೈನ್ ಮನೆಗಳಲ್ಲಿ (ತೋಟದ ಸಾಲು ಮನೆಗಳಲ್ಲಿ) ವಾಸಿಸುವ ಕೂಲಿಯವರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡೆವು. ಮಳೆ ನಿಂತ ಮೇಲೆ ಆ ಮನಸ್ಸು ಉಳಿಯಲಿಲ್ಲ. ಸಮಾಜ ಸುಧಾರಿಸಿ ಮನುಷ್ಯತ್ವ ಉಳಿಯಬೇಕಾದರೆ ಸಾಮಾನ್ಯರು ಪಾಲಿಸಬಹುದಾದ ಸರಳ ನೀತಿಗಳು ಯಾವುವು? ಪಕ್ಕದವರು ಪಾಲಿಸದಿದ್ದರೆ ನಾನೊಬ್ಬನೇ ಪಾಲಿಸಿ ಏನು ಫಲ?
– ಓದುಗರೊಬ್ಬರು, ಸೋಮವಾರಪೇಟೆ ತಾಲ್ಲೂಕು

ಉತ್ತರ: ಆಪತ್ತಿನಲ್ಲಿ ಮೂಡಿದ ಆ ಕರುಣೆ ಸುಳ್ಳಾಗಿರಲಿಲ್ಲ. ಆದರೆ ಆಗ ಎಲ್ಲರ ಕೈಯೂ ಬರಿದಾಗಿತ್ತು. ಹಂಚಿಕೊಳ್ಳಲು ಇದ್ದದ್ದು ಅನ್ನ ಮತ್ತು ಕಂಬಳಿ ಮಾತ್ರ. ಲಾಭನಷ್ಟದ ಲೆಕ್ಕ ಮತ್ತೆ ತೆರೆದ ದಿನವೇ ನೀತಿಯ ಪರೀಕ್ಷೆಯೂ ಆರಂಭವಾಯಿತು. ಆದ್ದರಿಂದ ದೊಡ್ಡ ಆದರ್ಶಗಳನ್ನು ಬದಿಗಿಟ್ಟು, ಕಾಫಿ ಕುಯ್ಲಿನ ಒಂದು ಸಂಜೆಯನ್ನು ಊಹಿಸಿಕೊಳ್ಳಿ.

ಕಿಲೋ ಲೆಕ್ಕದಲ್ಲಿ ಕೂಲಿ ಪಡೆಯುವ ಹೆಂಗಸು ಬೆಳಗಿನಿಂದ ಕುಯ್ದ ಹಣ್ಣಿನ ಚೀಲವನ್ನು ತಕ್ಕಡಿಯ ಕೊಕ್ಕೆಗೆ ಹಾಕುತ್ತಾಳೆ. ಮುಳ್ಳು 42ರ ಮೇಲೆ ನಿಂತರೂ, ಚೀಲದ ತೂಕವೆಂದು ಒಂದು ಕಿಲೋ, ಹಣ್ಣು ಒದ್ದೆಯೆಂದು ಇನ್ನೊಂದು ಕಿಲೋ ಕಳೆದು, ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕದಲ್ಲಿ 40 ಎಂದು ಬರೆದುಕೊಳ್ಳುತ್ತಾರೆ. ಗೊಬ್ಬರ ಬಂದಿದ್ದ ಖಾಲಿ ಪ್ಲಾಸ್ಟಿಕ್ ಚೀಲ ಒಂದು ಕಿಲೋ ತೂಗುತ್ತದೆಯೇ ಎಂದು ಅವಳು ಕೇಳುವುದಿಲ್ಲ, ಏಕೆಂದರೆ ನಾಳೆಯೂ ಅವಳಿಗೆ ಅಲ್ಲಿಯೇ ಕೆಲಸ ಬೇಕು. ಎದುರು ಮಾತನಾಡಲಾಗದವರೊಡನೆ ನಡೆಸುವ ವ್ಯವಹಾರದಲ್ಲಿ ನ್ಯಾಯವಾಗಿರುವುದು ನನ್ನ ದೃಷ್ಟಿಯಲ್ಲಿ ಮೊದಲ ನೀತಿ. ನಿಮಗೆ ತೋಟವಿದ್ದರೆ ತಕ್ಕಡಿಯ ಮುಖವನ್ನು ಅವಳ ಕಡೆಗೆ ತಿರುಗಿಸಿ, ಖಾಲಿ ಚೀಲವನ್ನು ಅವಳೆದುರೇ ಒಮ್ಮೆ ತೂಗಿಸಿ.

ಹೊಳೆಯ ವಿಷಯವೂ ಇದೇ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದಿಂದ ಬರುವ ನೀರನ್ನು ಗುಂಡಿಯಲ್ಲಿ ನಿಲ್ಲಿಸಿ ಸುಣ್ಣ ಹಾಕಿ ಶುದ್ಧೀಕರಿಸಲು ಖರ್ಚಿದೆ. ರಾತ್ರಿ ತೋಡಿಗೆ ಬಿಟ್ಟರೆ ಖರ್ಚಿಲ್ಲ, ಆದರೆ ಹುಳಿತ ಆ ನೀರು ಹೊಳೆಯ ಆಮ್ಲಜನಕವನ್ನು ಹೀರಿ ಮೀನುಗಳನ್ನು ಕೊಲ್ಲುತ್ತದೆ, ಕೆಳಗಿನ ಊರಿನವರು ಮೂಗು ಮುಚ್ಚಿಕೊಳ್ಳಬೇಕಾಗುತ್ತದೆ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ದೇವರ ಹೆಸರಿನಲ್ಲಿ ಕಾಯ್ದುಕೊಂಡು ಬಂದ ನಮ್ಮ ದೇವರಕಾಡುಗಳಲ್ಲಿದೆ. ಅಲ್ಲಿ ಕೊಡಲಿ ಹಾಕಬಾರದೆಂಬುದು ಮಕ್ಕಳಿಗೂ ಅರ್ಥವಾಗುವ ನಿಯಮ; ಜಿಲ್ಲೆಯಲ್ಲಿ ಅಂಥ 1,200ಕ್ಕೂ ಹೆಚ್ಚು ಕಾಡುಗಳಿವೆ. ಆದರೂ 1905ರಲ್ಲಿ ಸುಮಾರು 6,277 ಹೆಕ್ಟೇರ್ ಇದ್ದ ಅವುಗಳ ವಿಸ್ತೀರ್ಣ 1985ರ ಹೊತ್ತಿಗೆ ಸುಮಾರು 2,550 ಹೆಕ್ಟೇರಿಗೆ ಇಳಿದಿತ್ತು. ಒತ್ತುವರಿ ಎಂಬುದು ಒಂದೇ ರಾತ್ರಿಯಲ್ಲಿ ಆಗುವಂಥದ್ದಲ್ಲ. ಪಕ್ಕದವರು ಬೇಲಿ ಸರಿಸಿದರು, ನಾನೇಕೆ ಸುಮ್ಮನಿರಲಿ ಎಂದು ಒಬ್ಬೊಬ್ಬರೂ ಒಂದೊಂದು ಸಾಲು ಗಿಡ ಮುಂದಕ್ಕೆ ನೆಡುತ್ತ ಹೋದರೆ ಕಾಡು ಕರಗುತ್ತದೆ. (ದೇವರ ಭಯವಿದ್ದವರೇ ಇದನ್ನು ಮಾಡಿದರೆಂಬುದು ನನಗೆ ಇಂದಿಗೂ ಸೋಜಿಗ.) ನೀವು ಕೇಳಿದ ‘ಏನು ಫಲ’ ಎಂಬ ಮಾತಿನಿಂದಲೇ ಆ ಬೇಲಿಗಳೂ ಸರಿದದ್ದು.

ಪಕ್ಕದವರಿಗೆ ಉಪದೇಶಿಸಲು ಹೋಗಬೇಡಿ, ಜಗಳವಷ್ಟೇ ಉಳಿಯುತ್ತದೆ. ಊರ ಹಬ್ಬದ ಸಭೆಗೆ ಸರ್ವೆ ನಕ್ಷೆ ತರಿಸಿ, ದೇವರಕಾಡಿನ ಗಡಿಯನ್ನು ಎಲ್ಲರೆದುರು ಅಳೆಸಲು ಕೇಳಿಕೊಳ್ಳಿ; ಅಳತೆ ನಿಮ್ಮ ಬೇಲಿಯಿಂದಲೇ ಆರಂಭವಾಗಲಿ.