ಫಿನ್ಲೆಂಡಿನ ಜೌಗಿಗೆ ಹೊರಟ ಹಾಸನದ ತಂಗಿಗೆ

ತಂಗಿ, ನಿನ್ನ ಪ್ರಶ್ನೆ ಓದಿದೆ. ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದ್ದೀಯ, ಫಿನ್ಲೆಂಡಿನಲ್ಲಿ ಬೇಸಿಗೆಯ ಫೀಲ್ಡ್ ಕೆಲಸ ಸಿಕ್ಕಿದೆ, ಆದರೆ ಬಂಡೆಯ ಬದಲು ಪೀಟ್ (ನೀರಿನಲ್ಲಿ ಅರೆಕೊಳೆತ ಪಾಚಿ, ಗಿಡಗಳ ಪದರ) ಜೌಗಿನ ನಕ್ಷೆಗೆ ಹಾಕಿದ್ದಾರೆ. "ಇಷ್ಟು ವರ್ಷ ಕಲ್ಲು ಓದಿ, ಕೆಸರು ಅಳೆಯೋಕೆ ಅಷ್ಟು ದೂರ ಬರಬೇಕಾ ಅಣ್ಣ?" ಅಂತ ಕೇಳಿದ್ದೀಯ. ಬರಬೇಕು.

ಊಟ, ಚಳಿ, ಭಾಷೆ ಎಲ್ಲಾ ಹೇಗೋ ಆಗುತ್ತೆ. ರಾಗಿ ಹುರಿಹಿಟ್ಟು ಮಾತ್ರ ಧಾರಾಳವಾಗಿ ತಾ. ಜೌಗಿನ ನಡುವೆ ನಿಂತು ಮಧ್ಯಾಹ್ನ ಕಲಸಿಕೊಳ್ಳೋಕೆ ಅದರಂಥದ್ದು ಇನ್ನೊಂದಿಲ್ಲ. ಸೊಳ್ಳೆಪರದೆಯ ಟೋಪಿ ಇಲ್ಲೇ ಕೊಂಡುಕೋ.

ನಾನು ಬಂದ ಹೊಸದರಲ್ಲಿ ಕಷ್ಟ ಅನ್ನಿಸಿದ್ದು ಇಲ್ಲಿನ ಮಣ್ಣು. ನಮ್ಮ ಕಡೆ ಮಣ್ಣು ನೋಡಿದರೆ ಅಡಿಯ ಕಲ್ಲು ಅರ್ಧ ಗೊತ್ತಾದಂತೆ. ಬಾಬಾಬುಡನ್‌ಗಿರಿಯ ಕೆಮ್ಮಣ್ಣು ಕಂಡರೆ ಕೆಳಗೆ ಕಬ್ಬಿಣದ ಪಟ್ಟೆಶಿಲೆ ಇರಬಹುದು ಅಂತ ಕಣ್ಣೇ ಹೇಳುತ್ತೆ, ಏಕೆಂದರೆ ಅಲ್ಲಿ ಕಲ್ಲು ಇದ್ದ ಜಾಗದಲ್ಲೇ ಕೊಳೆತು ಮಣ್ಣಾಗಿದೆ. ಇಲ್ಲಿ ಹಾಗಲ್ಲ. ಸುಮಾರು 10,000 ವರ್ಷದ ಹಿಂದೆ ಕರಗಿಹೋದ ಹಿಮದ ಹಾಸು ಕಲ್ಲನ್ನು ಕೆರೆದು, ಅರೆದು, ಎಲ್ಲಿಂದಲೋ ಎಲ್ಲಿಗೋ ಹೊತ್ತು ಹಾಕಿದೆ. ಬಂಡೆ ಬಯಲಾಗಿ ಕಾಣೋದು ನೂರಕ್ಕೆ ಮೂರು ಭಾಗ ನೆಲದಲ್ಲಿ. ಹಾಗಾಗಿ ಬಿಡಿ ಗುಂಡುಕಲ್ಲು ಸಿಕ್ಕರೆ, ಹಿಮ ಬಂದ ದಿಕ್ಕಿಗೆ ಎದುರಾಗಿ ಅದರ ತವರನ್ನು ಹುಡುಕುತ್ತಾ ಹೋಗಬೇಕು. ಪೂರ್ವ ಫಿನ್ಲೆಂಡಿನ ಔಟೊಕುಂಪುವಿನ ತಾಮ್ರ ಸಿಕ್ಕಿದ್ದೇ ಹೀಗೆ: 1908ರಲ್ಲಿ ಕಿವಿಸಾಲ್ಮಿಯಲ್ಲಿ ಒಂದು ಅದಿರುಗಲ್ಲು, 1910ರಲ್ಲಿ ಸುಮಾರು 50 ಕಿಲೋಮೀಟರ್ ಆಚೆ ಅದಿರು.

ಪೀಟನ್ನು ಕೆಸರು ಅಂತ ಮಾತ್ರ ಕರೀಬೇಡ. ವರ್ಷಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಬೆಳೆಯುವ ವಸ್ತು ಅದು. ಸಲಾಕೆ ಇಳಿಸಿ ಆಳ ನೋಡುತ್ತೀಯ, ಕೊಳವೆಯಲ್ಲಿ ಮಾದರಿ ತೆಗೆದು ಮುಷ್ಟಿಯಲ್ಲಿ ಹಿಂಡುತ್ತೀಯ. ತಿಳಿನೀರು ಇಳಿದರೆ ಪಾಚಿ ಇನ್ನೂ ಕೊಳೆತಿಲ್ಲ, ಕೊಳೆತ ಮಟ್ಟ 1. ಬೆರಳ ಸಂದಿಯಿಂದ ಎಲ್ಲವೂ ಜಾರಿಹೋದರೆ 10. ಸ್ವೀಡನ್ನಿನ ಫಾನ್ ಪೋಸ್ಟ್ ಮಾಡಿದ ಈ ಅಳತೆಯನ್ನು ಇವತ್ತಿಗೂ ಕೈಯಲ್ಲೇ ಮಾಡುತ್ತಾರೆ. ಜೌಗಿನ ನೀರು ಬಸಿದರೆ ಸಾವಿರಾರು ವರ್ಷ ಕೂಡಿಟ್ಟ ಇಂಗಾಲ ಗಾಳಿಗೆ ಸೇರುತ್ತೆ. ಯಾವ ಜೌಗನ್ನು ಉಳಿಸಬೇಕು, ಎಲ್ಲಿ ಮತ್ತೆ ನೀರು ನಿಲ್ಲಿಸಬೇಕು ಅನ್ನೋದಕ್ಕೆ ನೀನು ಬರೆದ ಆಳದ ಅಂಕಿ ಬೇಕಾಗುತ್ತೆ. ಆಮೇಲೆ ಬಂಡೆಯ ಕೆಲಸಕ್ಕೆ ಹೋದರೂ ಈ ಮೇಲ್ಪದರ ಓದೋಕೆ ಬಂದಿರಬೇಕು.

ಒಂದು ಮಾತು ಮನಸ್ಸಿನಲ್ಲೇ ಉಳಿದಿದೆ. ನಾನು ಚನ್ನರಾಯಪಟ್ಟಣ ತಾಲ್ಲೂಕಿನವನು. ನುಗ್ಗೇಹಳ್ಳಿ ಶಿಲಾಪಟ್ಟಿಯ ಕ್ರೋಮೈಟು (ಕ್ರೋಮಿಯಂ ಅದಿರು), ಬೈರಾಪುರದ ಗಣಿ, ಎಲ್ಲಾ ಬಸ್ಸಿನ ಕಿಟಕಿಯಿಂದಾಚೆಗೇ ಇತ್ತು. ಕ್ರೋಮೈಟನ್ನು ಅದು ಹುಟ್ಟಿದ ಬಂಡೆಯಲ್ಲೇ ಕೈಯಿಟ್ಟು ನೋಡಿದ್ದು ಮಾತ್ರ ಇಲ್ಲಿನ ಕೆಮಿ ಗಣಿಯಲ್ಲಿ. ಕೆಮಿಯ ಶಿಲೆಗೆ ಸುಮಾರು 244 ಕೋಟಿ ವರ್ಷ. ನಮ್ಮದು 300 ಕೋಟಿ ದಾಟಿದ್ದು. ಗೊರೂರಿನ ನೈಸ್ ಅನ್ನೋ ಪಟ್ಟೆಪಟ್ಟೆ ಶಿಲೆ ಇನ್ನೂ ಹಳೆಯದು. ಅಲ್ಲಿ ನಿಂತಿದ್ದವರಿಗೆ ಇದನ್ನು ಹೆಮ್ಮೆಯಿಂದ ಹೇಳಿದೆ. "ನಿಮ್ಮೂರಿನ ಅದಿರು ಶಿಲೆಯಲ್ಲಿ ಹೇಗೆ ಕೂತಿದೆ?" ಅಂತ ಕೇಳಿದರು. ಓದಿದ್ದು ಹೇಳಬಹುದಿತ್ತು, ನೋಡಿದ್ದು ಏನೂ ಇರಲಿಲ್ಲ. ಅದು ಈಗಲೂ ಚುಚ್ಚುತ್ತೆ. ನೀನು ಹೊರಡೋ ಮೊದಲು ಒಂದು ಭಾನುವಾರ ನುಗ್ಗೇಹಳ್ಳಿ, ಇನ್ನೊಂದು ಭಾನುವಾರ ಗೊರೂರು ನೋಡಿಬಿಡು. ಗಣಿಯಲ್ಲಿ ದುಡಿದ ಹಿರಿಯರು ಸಿಕ್ಕರೆ ಕೂತು ಮಾತಾಡು. ಅವರು ಟೀ ಕೊಡದೆ ಕಳಿಸೋಲ್ಲ, ಅದು ನಿನಗೇ ಗೊತ್ತು.

ದಿಕ್ಸೂಚಿ ಅಲ್ಲಿಂದ ತರಬೇಡ. ನಮ್ಮ ಅಕ್ಷಾಂಶಕ್ಕೆ ಸಮತೂಕ ಮಾಡಿದ ಮುಳ್ಳು ಇಲ್ಲಿ ಬಾಗಿ ತಳ ಉಜ್ಜುತ್ತೆ. ಸುತ್ತಿಗೆ ನಿನ್ನದೇ ತಾ, ಆದರೆ ಚೆಕ್-ಇನ್ ಪೆಟ್ಟಿಗೆಯಲ್ಲಿ ಹಾಕು.