ಗುಂಪು ಪ್ರಾಜೆಕ್ಟಿನಲ್ಲಿ ಇವನಿಗೆ ಬರೀ ಬಣ್ಣ ಹಚ್ಚೋ ಕೆಲಸವಾ?

ಪ್ರಶ್ನೆ: ನಾನು ಐದನೇ ತರಗತಿಗೆ ಪಾಠ ಮಾಡುತ್ತೇನೆ. ಆಟಿಸಂ ಇರುವ ಒಬ್ಬ ಹುಡುಗ, ಡಿಸ್ಲೆಕ್ಸಿಯಾ (ಓದು-ಬರಹದ ತೊಡಕು) ಇರುವ ಒಬ್ಬ ಹುಡುಗಿ ತರಗತಿಯಲ್ಲಿದ್ದಾರೆ. ಗುಂಪು ಪ್ರಾಜೆಕ್ಟ್ ಶುರುವಾದರೆ ಹುಡುಗ ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಾನೆ. ಕೊನೆಗೆ ಇಬ್ಬರ ಪಾಲಿಗೂ ಚಾರ್ಟಿಗೆ ಬಣ್ಣ ಹಚ್ಚುವುದಷ್ಟೇ ಉಳಿಯುತ್ತದೆ. ಇವರಿಗೆ ಪ್ರಾಜೆಕ್ಟ್ ಬಿಟ್ಟು ಬೇರೇನಾದರೂ ಕೊಡುವುದೇ ವಾಸಿಯಾ?

ಉತ್ತರ: ಪ್ರಾಜೆಕ್ಟ್ ಬಿಡಬೇಡಿ, ಬಣ್ಣ ಹಚ್ಚುವುದನ್ನು ಬಿಡಿಸಿ. ಹುಡುಗ ಬಣ್ಣ ಹಚ್ಚಲಿ ಬಿಡಲಿ, ಕೆಲಸ ಮುಗಿಯುತ್ತದೆ. ಇದು ಎಲ್ಲ ಮಕ್ಕಳಿಗೂ ಗೊತ್ತು, ಅವನಿಗೂ ಗೊತ್ತು. 1918ರಲ್ಲಿ ಪ್ರಾಜೆಕ್ಟ್ ಪದ್ಧತಿಯ ಬಗ್ಗೆ ಪ್ರಬಂಧ ಬರೆದ ಅಮೆರಿಕದ ಶಿಕ್ಷಣತಜ್ಞ ವಿಲಿಯಂ ಕಿಲ್‌ಪ್ಯಾಟ್ರಿಕ್ ಒತ್ತು ಕೊಟ್ಟಿದ್ದು ಮಗು ಮನಸಾರೆ ಮಾಡುವ ಕೆಲಸಕ್ಕೆ. ನಾವು ಚೆಂದದ ಚಾರ್ಟನ್ನೇ ಪ್ರಾಜೆಕ್ಟ್ ಅಂದುಕೊಂಡುಬಿಟ್ಟೆವು.

ಬೀಜ ಮೊಳೆಯಿಸುವ ಪ್ರಾಜೆಕ್ಟ್ ಅಂತಿಟ್ಟುಕೊಳ್ಳಿ. ಗಿಡ ಅಳೆಯುವುದು ಅವನ ಕೆಲಸ. ಅಂಕಿ ಬರೆಯಲು ಕಷ್ಟವಾದರೆ ಕಾಗದದ ಪಟ್ಟಿಯನ್ನು ಗಿಡದ ಪಕ್ಕ ಹಿಡಿದು, ತುದಿ ಬಂದಲ್ಲಿ ಕತ್ತರಿಸಿ, ಗೋಡೆಯ ಚಾರ್ಟಿಗೆ ಅಂಟಿಸಲಿ. ಹತ್ತು ದಿನಕ್ಕೆ ಹತ್ತು ಪಟ್ಟಿ ಸಾಲಾಗಿ ನಿಂತರೆ ಅದೇ ಬಾರ್ ಗ್ರಾಫ್. ಒಂದು ದಿನ ತಪ್ಪಿದರೆ ಅಲ್ಲಿ ಖಾಲಿ ಜಾಗ. ನಿನ್ನೆಗಿಂತ ಎಷ್ಟು ಬೆಳೀತು ಅಂತ ಉಳಿದವರು ಅವನನ್ನೇ ಕೇಳಬೇಕು. ದಿನಾ ಅದೇ ಹೊತ್ತು, ಅದೇ ಕ್ರಮ ಇದ್ದರೆ ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ನೆಮ್ಮದಿ.

ಆದರೆ ಅಳತೆಯನ್ನು ಪ್ರಾಜೆಕ್ಟಿನ ನಡುವೆ ತಾನಾಗೇ ಕಲಿತಾನು ಅಂತ ಸುಮ್ನೆ ಕಾಯಬೇಡಿ. ‘ಮಕ್ಕಳೇ ಕಂಡುಕೊಳ್ಳಲಿ’ ಅನ್ನುವುದು ಕೇಳೋಕೆ ಚೆಂದ, ಎಡವುವುದು ಅಲ್ಲೇ ಜಾಸ್ತಿ. ಮೊದಲೇ ಪಕ್ಕದಲ್ಲಿ ಕೂತು ಕಲಿಸಿ. ಹಿಡಿ, ಕತ್ತರಿಸು, ಗೋಂದು ಹಚ್ಚು, ಅಂಟಿಸು: ಒಂದೊಂದಕ್ಕೂ ಒಂದು ಚಿತ್ರದ ಕಾರ್ಡ್. ಆದ ಮೇಲೆ ಕಾರ್ಡ್ ‘ಮುಗೀತು’ ಲಕೋಟೆಗೆ. ನಾಲ್ಕೂ ಬರದಿದ್ದರೆ ಹಿಂದಿನಿಂದ ಶುರು ಮಾಡಿ. ಮೊದಲ ಮೂರು ನೀವು ಮಾಡಿ, ಅಂಟಿಸುವುದು ಅವನಿಗೆ. ಅದು ಪಳಗಿದ ಮೇಲೆ ಕೊನೆಯ ಎರಡು. ಹೀಗೆ ಮಾಡಿದರೆ ಪ್ರತಿ ಸಲವೂ ಕೆಲಸ ಮುಗಿಸಿದವನು ಅವನೇ ಆಗುತ್ತಾನೆ, ಅಲ್ವಾ?

ಹುಡುಗಿಗೆ ತೊಡಕಿರುವುದು ಓದು-ಬರಹದಲ್ಲಿ. ವರದಿಯನ್ನು ಮಾತಲ್ಲೇ ರೆಕಾರ್ಡ್ ಮಾಡಲಿ. ಗಿಡದ ಬಗ್ಗೆ ತಿಳಿದುಕೊಂಡಿದ್ದಕ್ಕೆ ಅಂಕ ಕೊಡಿ, ಕಾಗುಣಿತದ ತಪ್ಪಿಗೆ ಕಳೆಯಬೇಡಿ. ಓದು ಕಲಿಸುವುದು ಬೇರೆ ಹೊತ್ತಿನಲ್ಲಿ ತಪ್ಪದೆ ನಡೆಯಲಿ, ಪ್ರಾಜೆಕ್ಟ್ ಅದರ ಜಾಗ ತುಂಬುವುದಿಲ್ಲ.

ಇನ್ನು ಗದ್ದಲ. ಹುಡುಗ ಕಿವಿ ಮುಚ್ಚುವುದು ಸದ್ದು ತಡೆಯಲಾರದೆ ಇರಬಹುದು, ಹಠ ಅಂದುಕೊಳ್ಳಬೇಡಿ. ಗುಂಪಿನಲ್ಲಿ ಮೂರೇ ಮಕ್ಕಳಿರಲಿ. ಸದ್ದಿಲ್ಲದ ಒಂದು ಜಾಗ ಮೊದಲೇ ಗೊತ್ತು ಮಾಡಿ. ಅಲ್ಲಿಗೆ ಹೋಗಬೇಕು ಅನಿಸಿದಾಗ ಕಾರ್ಡ್ ತೋರಿಸಿದರೆ ಆಯಿತು, ಬಾಯಿ ಬಿಟ್ಟು ಹೇಳಬೇಕಿಲ್ಲ. ಕೊನೆಯ ದಿನ ಎಲ್ಲರ ಮುಂದೆ ಮಾತಾಡಲೇಬೇಕು ಅಂತೇನೂ ಇಲ್ಲ. ಚಾರ್ಟ್ ಪಕ್ಕ ನಿಂತು, ಕೇಳಿದ ದಿನದ ಪಟ್ಟಿಯ ಮೇಲೆ ಬೆರಳಿಟ್ಟರೆ ಸಾಕು.