ವೀಸಾದಲ್ಲಿ ಇರುವವರು ಅಮೆರಿಕದ ಪೊಲೀಸರಿಗೆ "ಬೇಡ" ಅನ್ನಬಹುದಾ?

ನೀವು ಕೇಳಿರುವುದು ಎರಡು ಪ್ರಶ್ನೆ. ಎಚ್-1ಬಿ ಎಂಬ ಉದ್ಯೋಗ ವೀಸಾದಲ್ಲಿ ಇರುವ, ಪ್ರಜೆಯಲ್ಲದ ನಿಮಗೆ ಅಮೆರಿಕದ ಸಂವಿಧಾನದ ಹಕ್ಕುಗಳು ಇವೆಯಾ? ಪೊಲೀಸರು "ಕಾರು ಒಮ್ಮೆ ನೋಡಲಾ?" ಅಂದರೆ ಬೇಡ ಅನ್ನಬಹುದಾ? ಎರಡಕ್ಕೂ ಉತ್ತರ ಹೌದು. ನಾನು ವಕೀಲನಲ್ಲ. ಒಂದು ರಾತ್ರಿ ನನಗೆ ಈ ಉತ್ತರ ಗೊತ್ತಿಲ್ಲದೆ ಹೋಯಿತು. ಆಮೇಲೆ ಕೂತು ಓದಿ ತಿಳಿದುಕೊಂಡೆ.

ಅದು ನಾನು ಇಲ್ಲಿಗೆ ಬಂದ ಎರಡನೇ ಚಳಿಗಾಲ. ಊರಿಂದ ಬಂದ ಅಮ್ಮನನ್ನು ಏರ್‌ಪೋರ್ಟ್‌ನಿಂದ ಮನೆಗೆ ಕರೆದುಕೊಂಡು ಹೋಗುತ್ತಿದ್ದೆ. ರಾತ್ರಿ ಹನ್ನೊಂದು ದಾಟಿತ್ತು. ಹಿಂದಿನ ಒಂದು ದೀಪ ಉರಿಯುತ್ತಿಲ್ಲ ಎಂದು ಪೊಲೀಸ್ ಅಧಿಕಾರಿಯೊಬ್ಬರು ನಿಲ್ಲಿಸಿದರು. ಲೈಸೆನ್ಸ್ ನೋಡಿದರು, ಎಚ್ಚರಿಕೆಯ ಚೀಟಿ ಬರೆದು ಕೊಟ್ಟರು. ಆಮೇಲೆ ಸಹಜವಾಗಿ, "ಡಿಕ್ಕಿ ಒಮ್ಮೆ ನೋಡಬಹುದಾ?" ಅಂದರು. "ಯೆಸ್ ಸರ್" ಅಂದುಬಿಟ್ಟೆ. ಪೊಲೀಸರು ಕೇಳಿದ ಮೇಲೆ ಬೇಡ ಅನ್ನುವುದನ್ನು ನಮ್ಮ ಮನೆಗಳಲ್ಲಿ ಯಾರೂ ಕಲಿಸಿರುವುದಿಲ್ಲ ಅಲ್ವಾ. ಮುಕ್ಕಾಲು ಗಂಟೆ ಅಮ್ಮ ರಸ್ತೆ ಪಕ್ಕ ಚಳಿಯಲ್ಲಿ ನಿಂತಿದ್ದರು. ಸಾರಿನ ಪುಡಿ, ಚಟ್ನಿಪುಡಿಯ ಒಂದೊಂದು ಪೊಟ್ಟಣವನ್ನೂ ಬಿಚ್ಚಿ ನೋಡಿದರು. ಏನೂ ಸಿಗಲಿಲ್ಲ. ಕಾರಲ್ಲಿ ಕೂತ ಮೇಲೆ ಅಮ್ಮ ಕೇಳಿದ್ದು ಒಂದೇ ಮಾತು: "ನಾವೇನು ತಪ್ಪು ಮಾಡಿದ್ವಿ?"

ಆ ಅಧಿಕಾರಿ ಕಾನೂನು ಮುರಿದಿರಲಿಲ್ಲ. ಒಪ್ಪಿಗೆ ಕೊಟ್ಟವನು ನಾನು.

ಈ ವಿಷಯದ ದೊಡ್ಡ ಕೇಸು ಶುರುವಾಗಿದ್ದು ಸನ್ನಿವೇಲ್‌ನಲ್ಲಿ. ಹೌದು, ಈಗ ನಮ್ಮವರು ಇಷ್ಟೊಂದು ಜನ ಇರುವ ಕ್ಯಾಲಿಫೋರ್ನಿಯಾದ ಅದೇ ಊರು. ಬೆಳಗಿನ ಜಾವ 2:40ರ ಹೊತ್ತಿಗೆ ಒಂದು ಕಾರು ಹೋಗುತ್ತಿತ್ತು. ಒಳಗೆ ಆರು ಜನ. ಒಂದು ಹೆಡ್‌ಲೈಟ್ ಮತ್ತು ನಂಬರ್ ಪ್ಲೇಟಿನ ದೀಪ ಕೆಟ್ಟಿದ್ದವು. ಪೊಲೀಸರು ನಿಲ್ಲಿಸಿ, ಕಾರು ನೋಡಬಹುದಾ ಎಂದರು. ಒಳಗಿದ್ದವನೊಬ್ಬ ಧಾರಾಳವಾಗಿ ನೋಡಿ ಅಂದ. ಹಿಂದಿನ ಸೀಟಿನಡಿ ಮೂರು ಕದ್ದ ಚೆಕ್ಕುಗಳು ಸಿಕ್ಕವು. ಬೇಡ ಅನ್ನುವ ಹಕ್ಕಿದೆ ಎಂದು ಪೊಲೀಸರು ಮೊದಲೇ ಹೇಳಬೇಕಿತ್ತಾ? 1973ರಲ್ಲಿ ಸುಪ್ರೀಂ ಕೋರ್ಟ್ 6-3 ಬಹುಮತದಲ್ಲಿ ಹೇಳಿತು: ಬೇಕಿಲ್ಲ, ಒತ್ತಾಯವಿಲ್ಲದೆ ಒಪ್ಪಿದ್ದರೆ ಸಾಕು. ನನಗೆ ಈ ತೀರ್ಪು ಸರಿ ಅನ್ನಿಸುವುದಿಲ್ಲ. ನಡುರಾತ್ರಿ, ಸೊಂಟದಲ್ಲಿ ಪಿಸ್ತೂಲು ಇರುವವರು ಕೇಳಿದರೆ, ಬೇಡ ಅನ್ನಬಹುದು ಎಂದೇ ಗೊತ್ತಿಲ್ಲದವನ ಒಪ್ಪಿಗೆ ಎಂಥ ಒಪ್ಪಿಗೆ? ಆದರೂ ಕಾನೂನು ಇವತ್ತಿಗೂ ಅದೇ.

ಹಾಗಾಗಿ ಹಕ್ಕು ನಿಮ್ಮದೇ, ಆದರೆ ಬಾಯಿಬಿಟ್ಟು ಹೇಳಬೇಕು. "ಐ ಡು ನಾಟ್ ಕನ್ಸೆಂಟ್ ಟು ಎ ಸರ್ಚ್, ಆಫೀಸರ್" (ಹುಡುಕಲು ನನ್ನ ಒಪ್ಪಿಗೆ ಇಲ್ಲ) ಎಂದು ಮೆಲ್ಲಗೆ, ಮರ್ಯಾದೆಯಿಂದ ಹೇಳಿ. ಕೈಗಳು ಸ್ಟೀರಿಂಗ್ ಮೇಲೆ ಕಾಣುವ ಹಾಗಿರಲಿ. ಕಾರಿನಿಂದ ಇಳಿ ಅಂದರೆ ಮಾತ್ರ ಇಳಿಯಲೇಬೇಕು, 1977ರ ತೀರ್ಪು ಅದು. ಕಾನೂನುಬಾಹಿರ ಮಾದಕ ವಸ್ತು ಅಥವಾ ಕದ್ದ ಮಾಲು ಇದೆ ಎಂದು ನಂಬಲು ಗಟ್ಟಿ ಕಾರಣವಿದ್ದರೆ ಪೊಲೀಸರು ನಿಮ್ಮ ಒಪ್ಪಿಗೆಯೂ ಇಲ್ಲದೆ, ವಾರಂಟೂ ಇಲ್ಲದೆ ಕಾರಿನೊಳಗೆ ಹುಡುಕಬಹುದು. ಆಗ ಅಡ್ಡ ನಿಲ್ಲಬೇಡಿ. ಬಾಯಲ್ಲಿ ಹೇಳಿದ್ದು ಸಾಕು, ಅದು ಸರಿಯೋ ತಪ್ಪೋ ಎಂದು ಆಮೇಲೆ ಕೋರ್ಟ್ ನೋಡುತ್ತದೆ. ಫೋನಿನ ವಿಷಯ ಬೇರೆ. ಅರೆಸ್ಟ್ ಮಾಡಿದರೂ ಸಾಮಾನ್ಯವಾಗಿ ವಾರಂಟ್ ಇಲ್ಲದೆ ಫೋನಿನ ಒಳಗೆ ನೋಡುವ ಹಾಗಿಲ್ಲ ಎಂದು 2014ರಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು.

ಈಗ ನಿಮ್ಮ ಮೊದಲ ಪ್ರಶ್ನೆ. ಪ್ರಜೆಯಲ್ಲದವರಿಗೆ ಇದೆಲ್ಲ ಯಾಕೆ ಸಿಗಬೇಕು? ಎಲ್ಲವೂ ನಿಂತಿರುವುದು ಒಂದು ಪದದ ಮೇಲೆ. ಅಮೆರಿಕದ ಸಂವಿಧಾನದ 1868ರ ಹದಿನಾಲ್ಕನೇ ತಿದ್ದುಪಡಿ ಯಾವುದೇ "ವ್ಯಕ್ತಿ"ಗೆ ಕಾನೂನಿನ ಸಮಾನ ರಕ್ಷಣೆ ತಪ್ಪಿಸಬಾರದು ಎನ್ನುತ್ತದೆ. ಆ ಜಾಗದಲ್ಲಿ "ಪ್ರಜೆ" ಎಂದು ಬರೆದಿಲ್ಲ.

ಆ ಪದಕ್ಕೆ ಜೀವ ಬಂದಿದ್ದು ಸ್ಯಾನ್ ಫ್ರಾನ್ಸಿಸ್ಕೋದ ಲಾಂಡ್ರಿಯೊಂದರಿಂದ. 1880ರಲ್ಲಿ ಆ ಊರಿನ ಆಡಳಿತ ಒಂದು ನಿಯಮ ಮಾಡಿತು. ಮರದ ಕಟ್ಟಡದಲ್ಲಿ ಲಾಂಡ್ರಿ ನಡೆಸಲು ಮಂಡಳಿಯ ಅನುಮತಿ ಬೇಕು. ಬೆಂಕಿಯ ಭಯ, ಕೇಳುವುದಕ್ಕೆ ನ್ಯಾಯವೇ. ಊರಲ್ಲಿ ಸುಮಾರು 320 ಲಾಂಡ್ರಿ, ಅದರಲ್ಲಿ ಸುಮಾರು 310 ಮರದವು, ಸುಮಾರು 240 ಚೀನಿಯರವು. ಇನ್ನೂರಕ್ಕೂ ಜಾಸ್ತಿ ಚೀನಿಯರು ಅರ್ಜಿ ಹಾಕಿದರು. ಒಬ್ಬರಿಗೂ ಅನುಮತಿ ಸಿಗಲಿಲ್ಲ. ಚೀನಿಯರಲ್ಲದ ಸುಮಾರು ಎಂಬತ್ತು ಜನರಲ್ಲಿ ಒಬ್ಬರನ್ನು ಬಿಟ್ಟು ಎಲ್ಲರಿಗೂ ಸಿಕ್ಕಿತು. ಯಿಕ್ ವೋ ಎಂದು ಕೇಸಿನಲ್ಲಿ ಹೆಸರಾದ ಮನುಷ್ಯ ಅದೇ ಜಾಗದಲ್ಲಿ 22 ವರ್ಷ ಬಟ್ಟೆ ಒಗೆದಿದ್ದರು. ಬೆಂಕಿಯ ಅಪಾಯವಿಲ್ಲ ಎಂಬ ಪ್ರಮಾಣಪತ್ರವೂ ಅವರ ಕೈಯಲ್ಲಿತ್ತು. ಅನುಮತಿ ಇಲ್ಲದೆ ಲಾಂಡ್ರಿ ನಡೆಸಿದ್ದಕ್ಕೆ ಅವರಿಗೆ 10 ಡಾಲರ್ ದಂಡ ಹಾಕಿದರು. ಕಟ್ಟಲಿಲ್ಲ, ಜೈಲಿಗೆ ಹೋದರು.

ಇಲ್ಲಿ ಒಂದು ಮಾತು ಗಮನಿಸಿ. 1882ರ ಕಾನೂನಿನ ಪ್ರಕಾರ ಚೀನಾದಿಂದ ಬಂದವರು ಅಮೆರಿಕದ ಪ್ರಜೆಗಳಾಗಲು ಸಾಧ್ಯವೇ ಇರಲಿಲ್ಲ. ಓಟಿಲ್ಲ, ಪರವಾಗಿ ಮಾತಾಡುವ ರಾಜಕಾರಣಿಯಿಲ್ಲ. ಅಂಥವರ ಪರವಾಗಿ 1886ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದ ತೀರ್ಪು ಕೊಟ್ಟಿತು. ಈ ನೆಲದ ಮೇಲಿರುವ ಯಾವ ವ್ಯಕ್ತಿಗಾದರೂ, ಯಾವ ದೇಶದವರಾದರೂ, ಈ ರಕ್ಷಣೆ ಇದೆ ಎಂದಿತು. ಕಾಗದದಲ್ಲಿ ನ್ಯಾಯವಾಗಿ ಕಾಣುವ ನಿಯಮವನ್ನು ಭೇದಭಾವದಿಂದ ಜಾರಿ ಮಾಡಿದರೂ ಅದು ಸಂವಿಧಾನಕ್ಕೆ ವಿರುದ್ಧ ಎಂದೂ ಹೇಳಿತು. ಆ ಅಂಕಿಗಳನ್ನು ಓದುವಾಗ ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ. ಗ್ರೀನ್ ಕಾರ್ಡಿಗೆ ಸಾಲಿನಲ್ಲಿ ನಿಂತಿರುವ ನಾವೆಲ್ಲ ಆ ಮನುಷ್ಯ ದಂಡ ಕಟ್ಟದೆ ಜೈಲಿಗೆ ಹೋದದ್ದರ ಫಲ ಉಣ್ಣುತ್ತಿದ್ದೇವೆ.

ನಮ್ಮ ಭಾರತದ ಸಂವಿಧಾನದಲ್ಲೂ ಇದೇ ಗೆರೆ ಇದೆ. 14 ಮತ್ತು 21ನೇ ವಿಧಿಗಳು "ವ್ಯಕ್ತಿ"ಗೆ, 19ನೇ ವಿಧಿ "ನಾಗರಿಕ"ರಿಗೆ.

ಪೊಲೀಸರ ಹುಡುಕಾಟಕ್ಕೆ ಸಂಬಂಧಿಸಿದ, ಅಮೆರಿಕದ ಸಂವಿಧಾನದ ನಾಲ್ಕನೇ ತಿದ್ದುಪಡಿಯಲ್ಲಿ ಮಾತ್ರ "ಜನ" ಎಂಬ ಪದವಿದೆ. ಇಲ್ಲಿ ಮನೆ ಮಾಡಿ, ದುಡಿದು, ತೆರಿಗೆ ಕಟ್ಟುತ್ತಿರುವ ನೀವು ಆ ಜನರೊಳಗೇ ಬರುತ್ತೀರಿ. ಭಯ ಬೇಡ.

ಆದರೆ ಒಂದು ಕಡೆ ಈ ರಕ್ಷಣೆ ತೆಳ್ಳಗಾಗುತ್ತದೆ. ಅದು ಗಡೀಪಾರು. ಗಡೀಪಾರು ಶಿಕ್ಷೆಯೇ ಅಲ್ಲ ಎಂದು 1893ರಲ್ಲೇ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ. ಶಿಕ್ಷೆ ಅಲ್ಲದ ಮೇಲೆ ಜ್ಯೂರಿ ಇಲ್ಲ, ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೇಳುವ ಹಕ್ಕೂ ಇಲ್ಲ. ಕಳ್ಳತನದ ಕೇಸಿನಲ್ಲಿ ಬಡವನಿಗೆ ವಕೀಲರು ಸಿಗುತ್ತಾರೆ, ಇಮಿಗ್ರೇಷನ್ ಕೋರ್ಟಿನಲ್ಲಿ ಮಗುವಿಗೂ ಆ ಖಾತ್ರಿ ಇಲ್ಲ. ಇದು ದೊಡ್ಡ ಅನ್ಯಾಯ ಎಂದೇ ನಾನು ನಂಬಿದ್ದೇನೆ.

ಅದಕ್ಕೇ ಸಣ್ಣ ಕೇಸು ಅಂತ ಸುಮ್ನೆ ತಪ್ಪೊಪ್ಪಿಕೊಂಡು ಮುಗಿಸಬೇಡಿ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದ, 40 ವರ್ಷಕ್ಕೂ ಹೆಚ್ಚು ಕಾಲ ಗ್ರೀನ್ ಕಾರ್ಡ್ ಮೇಲಿದ್ದ ಟ್ರಕ್ ಡ್ರೈವರ್ ಒಬ್ಬರು, ಗಡೀಪಾರಿನ ಚಿಂತೆ ಬೇಡ ಎಂಬ ವಕೀಲರ ಮಾತು ನಂಬಿ ಗಾಂಜಾ ಕೇಸಿನಲ್ಲಿ ತಪ್ಪೊಪ್ಪಿಕೊಂಡರು. ಆ ತಪ್ಪೊಪ್ಪಿಗೆಯೇ ಅವರನ್ನು ಗಡೀಪಾರಿನ ಬಾಗಿಲಿಗೆ ತಂದು ನಿಲ್ಲಿಸಿತು. ಇಂಥ ಅಪಾಯವನ್ನು ವಕೀಲರು ಮೊದಲೇ ಹೇಳಲೇಬೇಕು ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಹಾಗಾಗಿ ನಿಮ್ಮ ವಕೀಲರನ್ನು ಮೊದಲು ಕೇಳಬೇಕಾದ ಪ್ರಶ್ನೆ, "ಇದರಿಂದ ನನ್ನ ವೀಸಾಗೆ ಏನಾಗುತ್ತದೆ?"

ಕೊನೆಯದಾಗಿ, ನೀವು ಕೇಳದಿದ್ದರೂ ಹೇಳಲೇಬೇಕಾದದ್ದು. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಮತದಾರರ ಪಟ್ಟಿಗೆ ಸೇರುತ್ತೀರಾ ಎಂದು ಕೇಳುತ್ತಾರೆ. 1993ರ ಕಾನೂನಿನಿಂದ ಬಂದ ಪದ್ಧತಿ ಅದು. ಓಟು ಹಾಕುವುದು ಪ್ರಜೆಗಳ ಹಕ್ಕು, ನಮ್ಮದಲ್ಲ. ಅವಸರದಲ್ಲಿ ನಾನು ಪ್ರಜೆ ಎಂಬ ಕಡೆ ಗುರುತು ಹಾಕಿದರೆ ಮುಂದೆ ಗ್ರೀನ್ ಕಾರ್ಡಿಗೇ ಕುತ್ತು ಬರಬಹುದು. ಕೌಂಟರಿನಲ್ಲಿ ಎಷ್ಟೇ ದೊಡ್ಡ ಸಾಲಿರಲಿ, ಸಹಿ ಮಾಡುವ ಮುಂಚೆ ಆ ಒಂದು ಸಾಲನ್ನು ಎರಡು ಸಲ ಓದಿ. ಮನೆಯವರಿಗೂ ಹೇಳಿ.